ವರ್ಲಾಮನ ಹೀಟರು

ಎಮ್ಯುಲೇಟರ್ ಮೊದಲು ಕೇಳಿದ್ದು: ಐವತ್ತೋ, ಅರವತ್ತೋ?
ಸೆಕೆಂಡಿಗೆ ಎಷ್ಟು ಚಿತ್ರ ಬೇಕು ಅಂತ.
ಚಿಯಾತುರಾದಲ್ಲಿ ಆ ವರ್ಷಗಳಲ್ಲಿ
ಕರೆಂಟೇ ಐವತ್ತು ಮುಟ್ಟುತ್ತಿರಲಿಲ್ಲ ಮಾರಾಯ,
ಕರೆಂಟಿನ ಗಡಿಯಾರ ಕುಂಟುತ್ತ ಹಿಂದೆ ಬೀಳುತ್ತಿತ್ತು.
ನಲವತ್ತೇಳು ಎಂಬ ಆಯ್ಕೆ ಇಲ್ಲ.
ಐವತ್ತು ಒತ್ತಿದೆ.

ಆಮೇಲೆ ಕೇಳಿತು: ಆಟಗಳು ಎಲ್ಲಿವೆ?
ಇಗೋ, ಹಳದಿ ಕಾರ್ಟ್ರಿಜ್ಜು. ತಿರುಪು ಬಿಚ್ಚಿ,
ಸ್ಪಿರಿಟ್ಟಿನಲ್ಲಿ ಅದರ ಹಲ್ಲುಜ್ಜಿ,
ರೋಪ್‌ವೇ ಶೆಡ್ಡಿನ ಗೊದೆರ್ಜಿಯಿಂದ ಕಡ ತಂದ
ಯಂತ್ರದ ಬಾಯಿಗೆ ಕೊಟ್ಟು, ಒಳಗಿದ್ದುದನ್ನೆಲ್ಲ ಇಳಿಸಿಕೊಂಡೆ.
ಹಣೆಯ ಮೇಲೆ ಬರೆದಿದೆ
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ.
ಏಳು.
ಮಿಕ್ಕಿದ್ದೆಲ್ಲ ಅದೇ ಏಳು, ಬೇರೆ ಬಣ್ಣದ ಟೋಪಿ ಹಾಕಿಕೊಂಡು.
ಅಂದೂ ಗೊತ್ತಿತ್ತು. ಆದರೂ ರಾತ್ರಿ ರಾತ್ರಿ
ನೂರ ಹದಿನಾರರಿಂದ ಮುಂದಕ್ಕೆ ಎಣಿಸುತ್ತ ಹೋಗುತ್ತಿದ್ದೆ,
ಎಂಟನೆಯದು ಎಲ್ಲಾದರೂ ಸಿಕ್ಕೀತೆಂದು.

ಈಗ ಗುಂಡಿಗಳ ಪಾಠ.
"ಎ ಒತ್ತಿ" ಅನ್ನುತ್ತದೆ, ಒತ್ತುತ್ತೇನೆ.
"ಎಡಕ್ಕೆ" ಅನ್ನುತ್ತದೆ. ಹೆಬ್ಬೆರಳು ತಾನಾಗಿಯೇ
ಇಮ್ಮಡಿ ಬಲ ಹಾಕುತ್ತದೆ.
ಹಳೆಯದಕ್ಕೆ ಎಡಗಿವಿ ಮಂದ,
ಕೂಗಿ ಹೇಳಿದರೆ ಮಾತ್ರ ಕೇಳುತ್ತಿತ್ತು.
ಈ ಹೊಸದಕ್ಕೆ ಪಿಸುಮಾತು ಸಾಕು. ನನ್ನ ಆಟಗಾರ
ಓಡಿಹೋಗಿ ಎಡಗಡೆಯ ಹಳ್ಳಕ್ಕೆ ಬಿದ್ದ.

ಚಿತ್ರ ಬಂತು.
ಬಂತೆಂದರೆ, ಆಸ್ಪತ್ರೆಯ ಹೊಸ ಹಾಸಿನ ಹಾಗೆ ಬಂತು,
ಒಂದು ಕಲೆ ಇಲ್ಲ. ಪ್ರತಿ ಚೌಕವೂ ಚೌಕ.
ಹೀಗಿರಲಿಲ್ಲ ಅದು.
ಫಿಲ್ಟರುಗಳ ಪಟ್ಟಿ ತೆರೆದೆ. ಅಡ್ಡಗೆರೆ, ಹಾಕಿದೆ.
ಗಾಜಿನ ಉಬ್ಬು, ಹಾಕಿದೆ.
ಕೆಂಪು ಪಕ್ಕಕ್ಕೆ ಸೋರುವುದು: ಸ್ವಲ್ಪ, ಇನ್ನೂ ಸ್ವಲ್ಪ,
ಅವನ ಅಂಗಿಯ ಬಣ್ಣ ಆಕಾಶಕ್ಕೆ ಹತ್ತುವವರೆಗೆ.
ಆದರೂ ಉಪ್ಪು ಹಾಕಿಯೂ ಸಪ್ಪೆ.

ರಾತ್ರಿ ಎರಡಕ್ಕೆ ಬರುತ್ತಿತ್ತು ಕರೆಂಟು. ಒಂದೇ ಗಂಟೆ.
ಇಡೀ ಕಟ್ಟಡ ಒಟ್ಟಿಗೆ ಎದ್ದು ಕೂರುತ್ತಿತ್ತು.
ಅಮ್ಮ ಮೆಕ್ಕೆಜೋಳದ ರೊಟ್ಟಿ ತಟ್ಟಲು,
ಮೇಲಿನ ಮನೆಯ ಪಿಯಾನೊ ಮೇಷ್ಟ್ರು ಪ್ಯಾಂಟು ಇಸ್ತ್ರಿ ಮಾಡಲು,
ನಾನು ಕೋಟು ಹಾಕಿಕೊಂಡೇ ಟಿ.ವಿ. ಮುಂದೆ.
ಗೋಡೆಯಾಚೆ ವರ್ಲಾಮ್. ಮ್ಯಾಂಗನೀಸ್ ಗಣಿ ತಿಂದು ಉಳಿಸಿದ ಶ್ವಾಸಕೋಶ.
ತಾನೇ ಸುತ್ತಿದ ತಂತಿಯ ಹೀಟರು ಹಚ್ಚುವನು.
ಹಚ್ಚಿದ ಕ್ಷಣ ನನ್ನ ಲೋಕ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು,
ಬಿಸಿನೀರಿಗೆ ಬಿದ್ದ ಉಣ್ಣೆ ಅಂಗಿಯ ಹಾಗೆ,
ಸುತ್ತ ಕಪ್ಪು, ನಡುವೆ ಅಂಚೆಚೀಟಿಯಷ್ಟು ಆಟ.
ಗೋಡೆಗೆ ಎರಡು ಗುದ್ದುತ್ತಿದ್ದೆ.
ಅವನು ಕೆಮ್ಮಿ, ಬೈದು, ಆರಿಸುವನು.
"ಮುದುಕನಿಗೊಂದು ರೊಟ್ಟಿ ಕೊಟ್ಟು ಬಾ,
ನಿನ್ನ ಆ ಮೂರನೇ ಹಂತ ಮುಗಿದ ಮೇಲೆ," ಅನ್ನುತ್ತಿದ್ದಳು ಅಮ್ಮ.
ಹಂತ ಮುಗಿಯುವುದರೊಳಗೆ ಕರೆಂಟು ಹೋಗುತ್ತಿತ್ತು.
ರೊಟ್ಟಿ ಕತ್ತಲಲ್ಲಿ ನನ್ನ ಹೊಟ್ಟೆಗೆ.

ಅದಕ್ಕೆ ಫಿಲ್ಟರ್ ಇಲ್ಲ.
ಮೂರು ಸಂಜೆ ಕೂತು ನಾನೇ ಬರೆದೆ, ಹನ್ನೊಂದು ಸಾಲು:
ತೋಚಿದಾಗ ಚಿತ್ರ ಕುಗ್ಗಲಿ,
ನೂರರಿಂದ ಎಂಬತ್ತೆರಡಕ್ಕೆ,
ಮೆಲ್ಲಗೆ ಅಲ್ಲ, ಮೆಟ್ಟಿಲು ತಪ್ಪಿದ ಹಾಗೆ.
ಕಡತದ ಹೆಸರು ವರ್ಲಾಮ್.
ಒಂದು ಚುಕ್ಕೆ ತಪ್ಪಿತ್ತು; ಅದನ್ನು ಹುಡುಕಿದ್ದಕ್ಕೇ ಎರಡು ಸಂಜೆ.

ಬಾರ್ಬಾಲೆಗೆ ಹತ್ತು ವರ್ಷ. ಆಡಲು ಕೊಟ್ಟೆ.
ಮೊದಲ ಸೇತುವೆ ದಾಟುವಾಗ ಕುಗ್ಗಿತು.
"ಅಪ್ಪಾ, ಕೆಟ್ಟುಹೋಯಿತು."
ಕೆಟ್ಟಿಲ್ಲ. ಪಕ್ಕದ ಮನೆಯವನು ಹೀಟರು ಹಚ್ಚಿದ್ದಾನೆ.
"ಹಾಗಾದರೆ ಏನು ಮಾಡಬೇಕು?"
ಹೇಳಿದೆ.
ಎದ್ದು ಹೋಗಿ ಗೋಡೆಗೆ ಎರಡು ಗುದ್ದಿದಳು, ಜೋರಾಗಿಯೇ.

ಆ ಮನೆಯಲ್ಲಿ ಈಗಿರುವುದು ಔಷಧಿ ಅಂಗಡಿಯ ಹುಡುಗಿ,
ಮುಖ ನೋಡಿದ್ದು ಎರಡು ಸಲವೋ ಏನೋ.
ಸ್ವಲ್ಪ ಹೊತ್ತು ಏನಿಲ್ಲ.
ಆಮೇಲೆ, ಅಲ್ಲಿವರೆಗೂ ನಾವು ಕೇಳಿಸಿಕೊಂಡೇ ಇರದ
ಒಂದು ರೇಡಿಯೊ ಆ ಕಡೆ ಸಣ್ಣಗಾಯಿತು.

ಚಿತ್ರ ಮಾತ್ರ ಚಿಕ್ಕದಾಗಿಯೇ ಇತ್ತು.
ಗುದ್ದಿದರೆ ಏನಾಗಬೇಕೆಂದು
ನಾನು ಬರೆದಿರಲಿಲ್ಲ.